ಉಪ್ಪು ತಿಂದವರು, ನೀರು ಕುಡಿದವರು

ನಾವು ಏಳನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ದಂಡಿಯಾತ್ರೆಯ ನಾಟಕ ಆಡಿಸಿದರು. ಗಾಂಧಿಯ ಪಾತ್ರ ಪಟೇಲರ ಮನೆಯ ಹುಡುಗನಿಗೆ ಹೋಯಿತು. ಸರೋಜಿನಿ ನಾಯ್ಡು ಪಾತ್ರ ಶಾನುಭೋಗರ ಮೊಮ್ಮಗಳಿಗೆ. ಪೊಲೀಸರ ಪಾತ್ರಕ್ಕೂ ಪೈಪೋಟಿ ಇತ್ತು, ಕೈಗೆ ಲಾಠಿ ಸಿಗುತ್ತಿತ್ತಲ್ಲ! ಕೇರಿಯಿಂದ ಹೋಗುತ್ತಿದ್ದ ನಾವು ಆರು ಹುಡುಗರಿಗೆ ಮೇಷ್ಟ್ರು ಕೊಟ್ಟ ಪಾತ್ರದ ಹೆಸರು 'ಜನ'. ಜನಕ್ಕೆ ಮಾತಿಲ್ಲ. ಗಾಂಧಿ ನಡೆದರೆ ಹಿಂದೆ ನಡೀಬೇಕು, ನಿಂತರೆ ನಿಲ್ಲಬೇಕು, ಪೊಲೀಸರು ಹೊಡೆದರೆ ಬೀಳಬೇಕು. ಬಿದ್ದ ಮೇಲೆ ಏಳೋದು ಯಾವಾಗ ಸಾರ್ ಅಂತ ನಮ್ಮಲ್ಲೊಬ್ಬ ಕೇಳಿದ. ಪರದೆ ಎಳೆದ ಮೇಲೆ ಅಂದರು. ಸ್ಟೇಜಿನ ಮೇಲೆ ಒಂದು ಸೇರು ಹರಳುಪ್ಪು ಗುಡ್ಡೆ ಹಾಕಿದ್ದರು. ಗಾಂಧಿ ಒಂದು ಹಿಡಿ ಎತ್ತಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ನಾಟಕ ಮುಗಿದ ಮೇಲೆ ಚೆಲ್ಲಿದ ಉಪ್ಪು ಬಾಚಲು ನಾವು ಬಗ್ಗಿದೆವು. 'ಲೋ, ನೀವು ಬಿಡ್ರೋ, ಅದು ಬಿಸಿಯೂಟದ ಅಡಿಗೆಗೆ ಹೋಗ್ಬೇಕು' ಅಂತ ಒಂದು ದನಿ ಬಂತು. ಕೈ ಹಿಂದಕ್ಕೆ ತೆಗೆದುಕೊಂಡೆವು.

ಹಳೇ ಸಿಟ್ಟು ತೀರಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಓದಿದ್ದು ನಾವೇ ಮೊದಲು. ಕಾಲೇಜಿಗೆ ಬಂದ ಮೇಲೆ ಸ್ವಾತಂತ್ರ್ಯ ಚಳವಳಿಯ ಪುಸ್ತಕಗಳನ್ನು ಓದಿದೆವು, ಅಹಿಂಸೆ, ಸತ್ಯಾಗ್ರಹ, ಕರನಿರಾಕರಣೆ ಎಲ್ಲವನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಆ ಕಾಲದ ಬಗ್ಗೆ ಬರೆದ ಕಾದಂಬರಿಗಳನ್ನು ರಾತ್ರಿ ಹಾಸ್ಟೆಲಿನಲ್ಲಿ ಕೂತು ಓದಿದೆವು. ಓದುತ್ತ ಓದುತ್ತ ಅನ್ನಿಸಿದ್ದು ಇಷ್ಟೆ: ಇಲ್ಲೂ ಅದೇ ನಾಟಕ ನಡೆಯುತ್ತಿದೆ. ಲಕ್ಷಾಂತರ ಜನ ನಡೆದರು, ಲಕ್ಷಾಂತರ ಜನ ಜೈಲಿಗೆ ಹೋದರು ಎನ್ನುವ ಸಾಲು ಬರುತ್ತದೆ. ಆ ಲಕ್ಷಾಂತರ ಯಾರು? ಅವರಲ್ಲಿ ಯಾರಿಗೆ ಮಾತಿತ್ತು? ಉಪ್ಪು ಎತ್ತಿದ ಕೈ ಸಂಜೆ ಯಾರ ಮನೆಯ ತಂಬಿಗೆ ಮುಟ್ಟಬಹುದಿತ್ತು? ಅಹಿಂಸೆಯ ಬಗ್ಗೆ ಭಕ್ತಿಯಿಂದ ಬರೆಯುವವರು ಈ ಪ್ರಶ್ನೆ ಕೇಳುವುದಿಲ್ಲ. ಅಹಿಂಸೆಯನ್ನು ಗೇಲಿ ಮಾಡುವ ನಮ್ಮ ಕೆಲವು ಗೆಳೆಯರೂ ಕೇಳುವುದಿಲ್ಲ. ನಾವು ಕೇಳಿನೋಡೋಣ ಅಂತ ಕೂತಿದ್ದೇವೆ.

ಕನ್ನಡದಲ್ಲಿ ಉಪ್ಪಿನ ಮೇಲೆ ಎರಡು ಗಾದೆ ಎಲ್ಲರ ಬಾಯಲ್ಲೂ ಇವೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುವುದು ಒಂದು. ಇದು ಧಣಿಗಳು ನಮಗೆ ಕಲಿಸಿದ ಗಾದೆ. ನಮ್ಮಜ್ಜಿ ಜೀತದ ಮನೆಗೆ ಉಪ್ಪಿಗೆ ಹೋದಾಗ ಮೊಣಕಾಲೆತ್ತರದಿಂದ ಸೆರಗಿಗೆ ಸುರಿಯುತ್ತಿದ್ದರಂತೆ. ಮಣ್ಣಿಗೆ ಬಿದ್ದದ್ದನ್ನು ಅಜ್ಜಿ ಒಂದೊಂದೇ ಹರಳು ಆಯ್ದು ತರುತ್ತಿದ್ದಳು. ಆ ಹರಳಿಗೆ ಮುಪ್ಪಿನ ತನಕ ಅಲ್ಲ, ಮಕ್ಕಳ ಕಾಲಕ್ಕೂ ದುಡಿದದ್ದಾಯಿತು. ಇನ್ನೊಂದು ಗಾದೆ, ಉಪ್ಪು ತಿಂದವನು ನೀರು ಕುಡಿಯಲೇಬೇಕು. ತಪ್ಪು ಮಾಡಿದವನು ಅನುಭವಿಸಬೇಕು ಅಂತ ಅರ್ಥ ಹೇಳುತ್ತಾರೆ. ನಾವು ಅದನ್ನು ಇದ್ದದ್ದು ಇದ್ದಹಾಗೇ ಓದಿಕೊಳ್ಳುತ್ತೇವೆ. ಉಪ್ಪು ತಿಂದರೆ ಬಾಯಾರುತ್ತದೆ. ಕುಡಿಯೋಕೆ ನೀರೆಲ್ಲಿ ಸ್ವಾಮಿ?

ನೀರಿನ ಕತೆ ಉಪ್ಪಿಗಿಂತ ಮೂರು ವರ್ಷ ಹಳೇದು. ನಾವು ಓದಿದ ಪಾಠಗಳಲ್ಲಿ ಅದಕ್ಕೆ ಸಿಕ್ಕಿದ್ದು ಒಂದೂವರೆ ಸಾಲು. ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮುಂಬೈ ಪ್ರಾಂತದ ಕೊಲಾಬಾ ಜಿಲ್ಲೆಯಲ್ಲಿ ಮಹಾಡ್ ಎಂಬ ಪಟ್ಟಣ. 1923ರಲ್ಲಿ ಎಸ್.ಕೆ. ಬೋಲೆ ಎಂಬವರು ಮುಂಬೈ ಶಾಸನ ಪರಿಷತ್ತಿನಲ್ಲಿ ಒಂದು ನಿರ್ಣಯ ಪಾಸು ಮಾಡಿಸಿದರು. ಸಾರ್ವಜನಿಕ ದುಡ್ಡಿನಲ್ಲಿ ಕಟ್ಟಿದ, ನಡೆಯುವ ಕೆರೆ, ಬಾವಿ, ಛತ್ರ, ಶಾಲೆ ಅಸ್ಪೃಶ್ಯರಿಗೂ ತೆರೆದಿರಬೇಕು ಅನ್ನುವುದು ಅದರ ತಿರುಳು. 1924ರಲ್ಲಿ ಮಹಾಡಿನ ಪುರಸಭೆ ತನ್ನ ಚೌದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಠರಾವು ಬರೆಯಿತು. ಕಾಗದದಲ್ಲಿ ಕೆರೆ ತೆರೆದು ಮೂರು ವರ್ಷವಾದರೂ ಒಂದು ಬೊಗಸೆ ನೀರು ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. 1927ರ ಮಾರ್ಚ್ 19 ಮತ್ತು 20ರಂದು ಆರ್.ಬಿ. ಮೋರೆ ಮತ್ತು ಗೆಳೆಯರು ಅಲ್ಲಿ ಸಮಾವೇಶ ಕರೆದರು. ಸಾವಿರಾರು ಜನ ಹಳ್ಳಿಗಳಿಂದ ರೊಟ್ಟಿ ಕಟ್ಟಿಕೊಂಡು ಬಂದರು. ಎರಡನೇ ದಿನ ಬಾಬಾಸಾಹೇಬರು ಮುಂದೆ, ಜನ ಸಾಲಾಗಿ ಹಿಂದೆ. ಕೆರೆಗೆ ಇಳಿದರು, ನೀರು ಕುಡಿದರು. ಅಷ್ಟೇ ನಡೆದದ್ದು. ಒಂದು ಕಲ್ಲು ಎಸೆಯಲಿಲ್ಲ, ಒಂದು ಬೈಗುಳ ಇಲ್ಲ.

ಆಮೇಲೆ ಊರಿನಲ್ಲಿ ಪುಕಾರು ಎದ್ದಿತು: ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ. ದೊಣ್ಣೆ ಹಿಡಿದು ಬಂದರು. ಊಟಕ್ಕೆ ಕೂತಿದ್ದವರನ್ನು, ಊರಿಗೆ ಹೊರಟಿದ್ದವರನ್ನು ಬಡಿದರು. ಪೆಟ್ಟು ತಿಂದವರಲ್ಲಿ ಕೆಲವರಿಗೆ ಮುಸಲ್ಮಾನರ ಮನೆಗಳು ಆಸರೆ ಕೊಟ್ಟವು. ಸಮಾವೇಶಕ್ಕೆ ಬಂದವರಲ್ಲಿ ಪಲ್ಟನ್ನಿನಲ್ಲಿದ್ದು ಬಂದ ಮಹಾರರೂ ಇದ್ದರು. ಬಂದೂಕು ಹಿಡಿದು ಪರದೇಶಗಳಲ್ಲಿ ಯುದ್ಧ ಮಾಡಿದವರು. ಒಂದು ಮಾತು ಸಿಕ್ಕಿದ್ದರೆ ಮಹಾಡಿನ ಬೀದಿ ಬೇರೆಯಾಗುತ್ತಿತ್ತು. ಅಂಬೇಡ್ಕರ್ ಬೇಡ ಅಂದರು. ಅವರು ತಡೆದುಕೊಂಡರು. ಅಹಿಂಸೆ ಎಂದರೆ ಇದೇ ಅಂತ ನಮಗನ್ನಿಸುತ್ತದೆ. ಹೊಡೆಯಲು ಕೈಲಾಗದವನು ಸುಮ್ಮನಿರುವುದು ಅಹಿಂಸೆಯಲ್ಲ, ಅದನ್ನು ನಮ್ಮ ಕೇರಿಗಳು ಸಾವಿರ ವರ್ಷದಿಂದ ಮಾಡಿಕೊಂಡು ಬಂದಿವೆ. ಕೈಲಾಗುವವನು ಕೈ ತಡೆದದ್ದು ಅಹಿಂಸೆ. ಇನ್ನು ಮೇಲ್ಜಾತಿಯ ಮಂದಿ ಏನು ಮಾಡಿದರು? ಸಗಣಿ, ಗಂಜಳ, ಹಾಲು, ಮೊಸರು ತುಂಬಿದ 108 ಗಡಿಗೆ ಸುರಿದು ಕೆರೆ ಶುದ್ಧ ಮಾಡಿದರು. ಎಮ್ಮೆ ಮೈತೊಳೆದರೆ ಕೆಡದ ನೀರು ಮನುಷ್ಯ ಕುಡಿದರೆ ಕೆಟ್ಟಿತ್ತು. ಅದೇ ಆಗಸ್ಟಿನಲ್ಲಿ ಪುರಸಭೆ ತನ್ನ ಠರಾವನ್ನೇ ವಾಪಸು ತೆಗೆದುಕೊಂಡಿತು.

ಡಿಸೆಂಬರಿನಲ್ಲಿ ಮತ್ತೆ ಸೇರಿದರು. ಈ ಹೊತ್ತಿಗೆ ಎದುರು ಪಾರ್ಟಿ ಕೋರ್ಟಿಗೆ ಹೋಗಿ ಕೆರೆ ಖಾಸಗಿ ಸ್ವತ್ತು ಎಂದು ತಡೆಯಾಜ್ಞೆ ತಂದಿತ್ತು. 25ರಂದು ಮನುಸ್ಮೃತಿಗೆ ಬೆಂಕಿ ಹಾಕಿದರು. ಸುಡುವ ನಿರ್ಣಯ ಮಂಡಿಸಿದ್ದು ಹುಟ್ಟಿನಿಂದ ಬ್ರಾಹ್ಮಣರಾದ ಗಂಗಾಧರ ನೀಲಕಂಠ ಸಹಸ್ರಬುದ್ಧೆ. (ಬ್ರಾಹ್ಮಣರೆಲ್ಲ ಒಂದೇ ಅನ್ನುವ ನಮ್ಮ ಉಗ್ರ ಗೆಳೆಯರು ಈ ಹೆಸರನ್ನು ನೆನಪಿಟ್ಟುಕೊಳ್ಳಲಿ.) ಆದರೆ ನೀರು ಕುಡಿಯಲಿಲ್ಲ. ಕೋರ್ಟಿನ ಮಾತು ಮೀರುವುದು ಬೇಡ ಎಂದು ಅಂಬೇಡ್ಕರ್ ಜನರನ್ನು ಒಪ್ಪಿಸಿದರು. ಕೆರೆಯ ಸುತ್ತ ಮೆರವಣಿಗೆ ಹೋಗಿ ಬಂದರು. ಆ ಮೊಕದ್ದಮೆ ಮುಂಬೈ ಹೈಕೋರ್ಟಿನಲ್ಲಿ ಅವರ ಪರವಾಗಿ ತೀರ್ಮಾನವಾದದ್ದು 1937ರ ಮಾರ್ಚ್ 17ಕ್ಕೆ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ಈಗ ದಂಡಿಯನ್ನು ಪಕ್ಕದಲ್ಲಿಟ್ಟು ನೋಡಿ. 1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ ಗಾಂಧಿ 78 ಜನರ ಜೊತೆ ಹೊರಟರು. 24 ದಿನ ನಡೆದು ಕಡಲು ಸೇರಿ, ಏಪ್ರಿಲ್ 6ರಂದು ಉಪ್ಪು ಎತ್ತಿದರು. ಆ ಗುಂಪಿನಲ್ಲಿ ಕನ್ನಡನಾಡಿನಿಂದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಒಬ್ಬರೇ ಇದ್ದರು. ಹದಿನೆಂಟರ ಹುಡುಗ, ನಮಗಿಂತ ಚಿಕ್ಕವರು. ಮೇ 21ರಂದು ಧಾರಾಸನದ ಉಪ್ಪಿನ ಕೋಠಿಯ ಮುಂದೆ ಸತ್ಯಾಗ್ರಹಿಗಳು ಸಾಲು ಸಾಲಾಗಿ ಹೋಗಿ ಕಬ್ಬಿಣ ಕಟ್ಟಿದ ಲಾಠಿಗೆ ತಲೆ ಒಡ್ಡಿದರು. ವೆಬ್ ಮಿಲ್ಲರ್ ಎಂಬ ಅಮೆರಿಕದ ಪತ್ರಕರ್ತ ಅದನ್ನು ಕಣ್ಣಾರೆ ಕಂಡು ಜಗತ್ತಿಗೆಲ್ಲ ತಿಳಿಸಿದ. ಅದನ್ನು ಓದಿ ನಮಗೂ ಗಂಟಲು ಕಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ವ್ಯತ್ಯಾಸ ಎಲ್ಲಿದೆ ನೋಡಿ. ದಂಡಿಯಲ್ಲಿ ಮುರಿದದ್ದು ಸರ್ಕಾರದ ಕಾನೂನು. ಮಹಾಡಿನಲ್ಲಿ ಸರ್ಕಾರದ ನಿರ್ಣಯ, ಪುರಸಭೆಯ ಠರಾವು ಎಲ್ಲವೂ ನೀರು ಕುಡಿಯುವವರ ಕಡೆಗೇ ಇದ್ದವು. ಅವರು ಮುರಿದದ್ದು ಯಾವ ಗೆಜೆಟ್ಟಿನಲ್ಲೂ ಅಚ್ಚಾಗದ ಕಾನೂನನ್ನು. ಆ ಕಾನೂನಿಗೆ ಪೊಲೀಸರು ಬೇಕಾಗಿಲ್ಲ, ಪಕ್ಕದ ಬೀದಿಯವನೇ ಸಾಕು. ಬ್ರಿಟಿಷರು ಒಂದು ದಿನ ಹಡಗು ಹತ್ತಿ ಹೋಗಬಹುದು, ಹೋದರು. ಪಕ್ಕದ ಬೀದಿಯವನು ಎಲ್ಲಿಗೆ ಹೋಗ್ತಾನೆ? ಹೊಡೆಸಿಕೊಂಡವನು ಮಾರನೇ ದಿನ ಬೆಳಿಗ್ಗೆ ಹೊಡೆದವನ ಹೊಲಕ್ಕೇ ಕೂಲಿಗೆ ಹೋಗಬೇಕು. ಈ ಮಾರನೇ ದಿನದ ಬೆಳಿಗ್ಗೆ ಎನ್ನುವುದು ಸ್ವಾತಂತ್ರ್ಯ ಚಳವಳಿಯ ಸಾಹಿತ್ಯದಲ್ಲಿ ಬರುವುದೇ ಇಲ್ಲ.

ಇನ್ನೊಂದು ತಾರೀಖು ಜ್ಞಾಪಕದಲ್ಲಿರಲಿ. ನಾಸಿಕದ ಕಾಳಾರಾಮ ದೇವಾಲಯದ ಬಾಗಿಲಲ್ಲಿ ದಲಿತರ ಸತ್ಯಾಗ್ರಹ ಶುರುವಾದದ್ದು 1930ರ ಮಾರ್ಚ್ 2ಕ್ಕೆ. ಗಾಂಧಿ ಸಾಬರಮತಿಯ ಬಾಗಿಲು ದಾಟುವುದಕ್ಕೆ ಬರೋಬ್ಬರಿ ಹತ್ತು ದಿನ ಮೊದಲು. ನಾಸಿಕದ ಬಾಗಿಲಲ್ಲಿ ಗಂಡಸರು ಹೆಂಗಸರು ಪಾಳಿಯ ಮೇಲೆ ಕೂತರು, ರಾಮನವಮಿಯ ತೇರಿನ ದಿನ ಕಲ್ಲೇಟು ತಿಂದರು, ವರ್ಷಗಟ್ಟಲೆ ಕಾದರು. ಬಾಗಿಲು ತೆರೆಯಲಿಲ್ಲ. ಒಂದೇ ತಿಂಗಳಲ್ಲಿ, ಒಂದೇ ಪ್ರಾಂತದಲ್ಲಿ, ಎರಡು ಅಹಿಂಸಾ ಹೋರಾಟ. ಒಂದು ದೇಶದ ಕತೆಯಾಯಿತು, ಇನ್ನೊಂದು ಜಾತಿಯ ಕತೆಯಾಯಿತು. ಹಾಗೆ ಹೆಸರಿಟ್ಟವರು ಯಾರು?

ನಮ್ಮ ವಿಮರ್ಶಕರ ಅಳತೆಗೋಲಿನಲ್ಲೇ ದೋಷ ಇದೆ ಅನ್ನುವುದು ನಮ್ಮ ವಾದ. ಆ ಕೋಲಿನ ಹೆಸರು ತ್ಯಾಗ. ಸತ್ಯಾಗ್ರಹದ ಬಗ್ಗೆ ಕನ್ನಡದಲ್ಲಿ ಏನೇ ಬರೆಯಲಿ, ಯಾರು ಏನು ಬಿಟ್ಟುಕೊಟ್ಟರು ಎಂಬ ಲೆಕ್ಕದಲ್ಲೇ ಬರೆಯುತ್ತಾರೆ. ವಕೀಲಿ ಬಿಟ್ಟರು, ಕಾಲೇಜು ಬಿಟ್ಟರು, ಪಟೇಲಿಕೆ ಬಿಟ್ಟರು, ಪರದೇಶದ ಬಟ್ಟೆ ಬಿಟ್ಟರು. ಉತ್ತರ ಕನ್ನಡದ ಕತೆ ತೆಗೆದುಕೊಳ್ಳಿ. 1930ರ ಏಪ್ರಿಲ್ 13ರಂದು ಅಂಕೋಲೆಯ ದಡದಲ್ಲಿ ಉಪ್ಪು ಮಾಡಿದರು. ಆಮೇಲೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಭೂಕಂದಾಯ ಕಟ್ಟುವುದಿಲ್ಲವೆಂದು ರೈತರು ನಿಂತರು. ಜಮೀನು ಮುಟ್ಟುಗೋಲಾಯಿತು, ಪಾತ್ರೆಪಗಡಿ ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಸಿದ್ದಾಪುರದ ಕಡೆ ಹೆಂಗಸರು ಉಪವಾಸ ಕೂತರು. ಇದು ಸಣ್ಣ ಮಾತಲ್ಲ. ಅಂಥ ಗಟ್ಟಿತನಕ್ಕೆ ನಮ್ಮ ನಮಸ್ಕಾರ ಇದೆ. ಆದರೆ ಕಂದಾಯ ನಿರಾಕರಿಸಬೇಕಾದರೆ ಮೊದಲು ಭೂಮಿ ಇರಬೇಕಲ್ಲ! ಗದ್ದೆ ಮುಟ್ಟುಗೋಲಾದ ವರ್ಷ ಆ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವಳ ಒಲೆ ಹತ್ತಿತೋ ಇಲ್ಲವೋ? ಅವಳು ಬಿಟ್ಟುಕೊಡಲು ಏನಿತ್ತು? ಕಂದಾಯ ಕಟ್ಟದವನು ತ್ಯಾಗಿ, ಕೂಲಿ ಕಳೆದುಕೊಂಡವಳು ಲೆಕ್ಕಕ್ಕಿಲ್ಲದವಳು. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದಮೇಲೆ ಕಳೆದುಕೊಂಡ ಜಮೀನುಗಳನ್ನು ವಾಪಸು ಕೊಡಿಸುವ ಕೆಲಸ ನಡೆಯಿತು. ಕಳೆದುಹೋದ ಕೂಲಿಯನ್ನು ಯಾವ ಸರ್ಕಾರ ವಾಪಸು ಕೊಡಿಸುತ್ತದೆ?

ಏನೂ ಇಲ್ಲದವನು ಏನನ್ನೂ ಬಿಡಲಾರ. ಅವನಿಗೆ ಹೋರಾಟ ಅಂದರೆ ಬಿಡುವುದಲ್ಲ, ತೆಗೆದುಕೊಳ್ಳುವುದು. ಮಹಾಡಿನಲ್ಲಿ ಯಾರೂ ಏನನ್ನೂ ತ್ಯಾಗ ಮಾಡಲಿಲ್ಲ, ತಮ್ಮದನ್ನು ತಾವು ಎತ್ತಿ ಕುಡಿದರು. ತ್ಯಾಗದ ಕೋಲು ಹಿಡಿದು ಹೊರಟ ವಿಮರ್ಶೆಗೆ ಇದು ಸತ್ಯಾಗ್ರಹದ ಹಾಗೆ ಕಾಣಿಸುವುದೇ ಇಲ್ಲ, ಏನೋ ನೀರಿನ ಜಗಳದ ಹಾಗೆ ಕಾಣಿಸುತ್ತದೆ.

ಈ ಕೋಲು ಕಾದಂಬರಿಗಳಲ್ಲಿ ಹೇಗೆ ಕೆಲಸ ಮಾಡಿದೆ ನೋಡೋಣ. ಮೂರನ್ನು ತೆಗೆದುಕೊಂಡಿದ್ದೇವೆ.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಪೂನಾ ಒಪ್ಪಂದ ಆಗಿ ವರ್ಷವಾಗಿತ್ತು. ಮರುವರ್ಷ ಫೆಬ್ರವರಿಯಲ್ಲಿ ಗಾಂಧಿ ಹರಿಜನ ಯಾತ್ರೆ ಮಾಡುತ್ತ ಕಾರಂತರ ಜಿಲ್ಲೆಗೂ ಬಂದರು. ಕಾರಂತರು ಸ್ವತಃ ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜು ಬಿಟ್ಟವರು. ಹೀಗಿದ್ದೂ ಚೋಮನ ಗುಡಿಸಲಿಗೆ ಯಾವ ಸತ್ಯಾಗ್ರಹದ ಸುದ್ದಿಯೂ ತಲುಪುವುದಿಲ್ಲ. ಅವನಿಗೆ ಎರಡು ಎತ್ತಿವೆ, ಉಳಲು ಅಂಗೈಯಗಲ ನೆಲ ಬೇಕು. ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿ ಬಿಡುವುದಿಲ್ಲ. ಚೋಮನ ಹುಡುಗ ನೀಲ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಕೈಗೆಟಕುವಷ್ಟು ಹತ್ತಿರ ಜನ ಇದ್ದೂ, ಹೊಲೆಯರ ಮೈ ಮುಟ್ಟಬೇಕಾಗುತ್ತದೆಂದು ಎತ್ತುವವರು ಇರುವುದಿಲ್ಲ. ನೀರು ಇಲ್ಲೂ ಬಂತು ನೋಡಿ. ಮಹಾಡಿನ ಜನ ಕುಡಿದ ನೀರು ಚೋಮನ ಮಗನನ್ನು ಕುಡಿದುಬಿಟ್ಟಿತು. ಈ ಕಾದಂಬರಿಯನ್ನು ಕೆಲವು ಗೆಳೆಯರು ಕರುಣೆಯ ಕಾದಂಬರಿ ಎಂದು ತಳ್ಳಿಹಾಕುತ್ತಾರೆ. ನಾವು ಒಪ್ಪುವುದಿಲ್ಲ. ಕಾರಂತರು ಒಂದು ಪ್ರಾಮಾಣಿಕ ಕೆಲಸ ಮಾಡಿದ್ದಾರೆ: ಚಳವಳಿ ಮುಟ್ಟದ ಮನೆಗೆ ಚಳವಳಿ ಮುಟ್ಟಿತೆಂದು ಸುಳ್ಳು ಬರೆಯಲಿಲ್ಲ. ಆದರೆ ಚೋಮ ಒಬ್ಬಂಟಿ. ಅವನ ಹಾಗೇ ನೆಲ ಕೇಳುವ ಇನ್ನೂ ನೂರು ಜನ ಆ ಬೆಟ್ಟದಲ್ಲಿ ಇದ್ದಿರಲೇಬೇಕಲ್ಲ? ಅವರೆಲ್ಲ ಒಂದು ರಾತ್ರಿ ಒಂದೇ ಕಡೆ ದುಡಿ ಬಡಿದಿದ್ದರೆ? ಆ ಕಲ್ಪನೆ ಕಾರಂತರಿಗೆ ಬರಲಿಲ್ಲ. ಚೋಮ ಬಾಗಿಲು ಹಾಕಿಕೊಂಡು ಒಬ್ಬನೇ ಬಡಿದು ಸತ್ತ.

ಎರಡನೆಯದು ರಾಜಾರಾವ್ ಅವರ 'ಕಾಂತಾಪುರ', 1938ರದು. ಬರೆದದ್ದು ಇಂಗ್ಲಿಷಿನಲ್ಲಾದರೂ ಹಾಸನದಲ್ಲಿ ಹುಟ್ಟಿದವರು, ಊರು ಮಲೆನಾಡ ಸೀಮೆಯದು, ಮಾತಿನ ಲಯ ನಮ್ಮ ಅಜ್ಜಿಯರದು. ಅದಕ್ಕೇ ನಮ್ಮದೆಂದೇ ಹಿಡಿದು ಮಾತಾಡುತ್ತೇವೆ. ಗಾಂಧಿಯ ಚಳವಳಿ ಒಂದು ಹಳ್ಳಿಗೆ ಹೇಗೆ ಇಳಿಯಿತು ಎನ್ನುವುದಕ್ಕೆ ಇದಕ್ಕಿಂತ ಜೀವಂತ ಪುಸ್ತಕ ನಾವು ಓದಿಲ್ಲ. ಸೇಂದಿ ಬನದ ಮುಂದೆ ಪಿಕೆಟಿಂಗ್, ಕಾಫಿ ತೋಟದ ಕೂಲಿಗಳು, ಲಾಠಿ ಏಟು, ಹೆಂಗಸರ ಪಡೆ ಎಲ್ಲ ಇದೆ. ಕತೆ ಹೇಳುವವಳು ಅಚ್ಚಕ್ಕ ಎಂಬ ಬ್ರಾಹ್ಮಣ ವಿಧವೆ. ಹೊಲಗೇರಿಗೆ ತಾನು ಕಾಲಿಡುವ ಮಾತೇ ಇಲ್ಲವೆಂದು ಶುರುವಿನಲ್ಲೇ ಹೇಳಿಬಿಡುತ್ತಾಳೆ. ಸಂತೋಷ, ಕನಿಷ್ಠ ಬಚ್ಚಿಡಲಿಲ್ಲ! ಊರಿನ ಗಾಂಧಿ ಮೂರ್ತಿ ಎಂಬ ಯುವಕ. ಅವನು ಒಂದು ದಿನ ರಾಚಣ್ಣನ ಮನೆಯೊಳಕ್ಕೆ ಹೋಗುತ್ತಾನೆ. ರಾಚಣ್ಣನ ಹೆಂಡತಿ ಹಾಲು ಕೊಡುತ್ತಾಳೆ. ಮೂರ್ತಿಗೆ ಮೈ ನಡುಕ. ಹೇಗೋ ತುಟಿಗೆ ಮುಟ್ಟಿಸುತ್ತಾನೆ. ಮನೆಗೆ ಬಂದು ಸ್ನಾನ ಮಾಡುತ್ತಾನೆ, ಒಂದು ಚಮಚ ಗಂಗಾಜಲ ತೆಗೆದುಕೊಳ್ಳುತ್ತಾನೆ.

ಈ ಭಾಗವನ್ನು ನಾವು ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ನಾಯಕನ ಅಂತರಂಗದ ಹೋರಾಟವೆಂದು ಕ್ಲಾಸಿನಲ್ಲಿ ಇದನ್ನು ಮೆಚ್ಚಿ ಪಾಠ ಮಾಡಿದರು. ಇರಲಿ, ಹೋರಾಟವೇ. ಆದರೆ ಆ ಹೆಂಗಸು? ಮನೆಯಲ್ಲಿದ್ದ ಹಾಲನ್ನು, ತನ್ನ ಮಗುವಿನ ಪಾಲೋ ಏನೋ, ಲೋಟಕ್ಕೆ ಬಗ್ಗಿಸಿ ಕೊಟ್ಟವಳು, ಅದರ ಮುಂದೆ ನಿಂತು ಅವನ ಕೈ ನಡುಗುವುದನ್ನು ನೋಡಿದಳಲ್ಲ, ಅವಳಿಗೆ ಏನನ್ನಿಸಿತು? ಅಚ್ಚಕ್ಕನಿಗೆ ಅದು ತಿಳಿಯುವ ಹಾಗಿಲ್ಲ, ಅವಳು ಅಲ್ಲಿಗೆ ಹೋದವಳೇ ಅಲ್ಲ. ಮಹಾಡಿನ 108 ಗಡಿಗೆಗೂ ಈ ಒಂದು ಚಮಚಕ್ಕೂ ಅಳತೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ನಮಗೆ ತೋರುವುದಿಲ್ಲ. ಒಂದು ದೊಣ್ಣೆ ಹಿಡಿದವರದು, ಇನ್ನೊಂದು ಒಳ್ಳೆಯವನದು. ಮುಂದೆ ರಾಚಣ್ಣ ಜೈಲು ಸೇರುತ್ತಾನೆ, ಅವನ ಹೆಂಡತಿ ಕೊನೆಗೆ ಊರಿಗೆ ಬೆಂಕಿ ಇಡುವವರೆಗೂ ಹೋಗುತ್ತಾಳೆ. ಅಷ್ಟು ದೊಡ್ಡ ಹೆಂಗಸನ್ನು ಕಾದಂಬರಿ ಹೆಚ್ಚಾಗಿ ಕರೆಯುವುದು 'ರಾಚಣ್ಣನ ಹೆಂಡತಿ' ಎಂದು. ನಮ್ಮ ಏಳನೇ ಕ್ಲಾಸಿನ ನಾಟಕದಲ್ಲಿ ನಮಗಿದ್ದ ಹೆಸರಿನ ಹಾಗೆ.

ಮೂರನೆಯದು ಅನಂತಮೂರ್ತಿಯವರ 'ಭಾರತೀಪುರ', 1973. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದಮೇಲಿನ ಕತೆಯಾದರೂ ನಾಸಿಕ, ವೈಕಂಗಳ ಸತ್ಯಾಗ್ರಹದ ನೆರಳು ಅದರ ಮೇಲಿದೆ. ಇಂಗ್ಲೆಂಡಿನಿಂದ ಬಂದ ಜಮೀನುದಾರ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಗೆ ನುಗ್ಗಿಸಬೇಕೆಂದು ಹೊರಡುತ್ತಾನೆ. ಅದಕ್ಕೆ ತಾಲೀಮೆಂಬಂತೆ ಮನೆದೇವರ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಮುಟ್ಟಿ ಅನ್ನುತ್ತಾನೆ. ಅವರು ಹಿಂಜರಿಯುತ್ತಾರೆ. ಮುಟ್ಟಿ, ಮುಟ್ಟಿ ಎಂದು ಕಿರುಚುತ್ತಾನೆ. ಹೆದರಿ ಮುಟ್ಟುತ್ತಾರೆ. ಆ ಗಳಿಗೆಯಲ್ಲಿ ಅವನಿಗೆ ಅವರು ಮನುಷ್ಯರಾಗಿಯೇ ಕಾಣುವುದಿಲ್ಲ, ಅಸಹ್ಯವಾಗುತ್ತದೆ. ಲೇಖಕರಿಗೆ ತಮ್ಮ ನಾಯಕನ ಸುಳ್ಳು ಗೊತ್ತು, ಅದನ್ನು ಮುಚ್ಚಿಡದೆ ತೋರಿಸಿದ್ದಾರೆ. ಈ ಒಂದು ಭಾಗಕ್ಕಾಗಿ ನಾವು ಅನಂತಮೂರ್ತಿಯವರನ್ನು ಬಯ್ಯುವವರ ಸಾಲಿನಲ್ಲಿ ನಿಲ್ಲುವುದಿಲ್ಲ. ಆದರೂ ಕೇಳಬೇಕು: ಹೊಲೆಯರಿಗೆ ಬೇಕಾಗಿದ್ದು ಸಾಲಿಗ್ರಾಮವೋ, ಜಗನ್ನಾಥನ ಜಮೀನೋ? ಪಿಳ್ಳನನ್ನು ಯಾರಾದರೂ ಕೇಳಿದರೆ? ಕಡೆಗೆ ಗುಡಿಯ ಲಿಂಗವನ್ನು ಕಿತ್ತುಹಾಕುವವನೂ ಅರ್ಚಕರ ಮಗ ಗಣೇಶನೇ. ಕಟ್ಟಿದವರೂ ಅವರೇ, ಕಿತ್ತವರೂ ಅವರೇ. ನಾವು ನಡುವೆ ಮೆರವಣಿಗೆ ಬಂದೆವು, ಅಷ್ಟೆ.

ನಾಯಕನೊಬ್ಬನ ಒಳಗುದಿಯ ಸುತ್ತ ಕಟ್ಟುವ ಕಾದಂಬರಿಗೆ ಜನಾಂದೋಲನವನ್ನು ಹಿಡಿಯುವ ಶಕ್ತಿ ಕಡಿಮೆ ಎಂದು ನಮಗೆ ಅನುಮಾನ. ಅಲ್ಲಿ 'ಅವನು' ಇರುತ್ತಾನೆ, ಹಿನ್ನೆಲೆಗೆ 'ಜನ' ಇರುತ್ತಾರೆ. 'ನಾವು' ಎಂಬುದು ಇರುವುದಿಲ್ಲ. ನಮ್ಮ ಕಡೆ ಆ 'ನಾವು' ಬಂದದ್ದು ಹಾಡಿನಲ್ಲಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದದ್ದೇ, ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಅಕ್ಷರ ಬಾರದವರ ಬಾಯಿಗೂ ಬಂದುಬಿಟ್ಟಿತು. ಆ ಹಾಡುಗಳನ್ನು ಘೋಷಣೆ ಅಂದವರಿದ್ದಾರೆ. ಆಗಲಿ, ಘೋಷಣೆಯೇ ಆಗಲಿ. ತಮಟೆ ಹಿಡಿದು ತಾಲೂಕು ಕಚೇರಿಗೆ ನಡೆಯುವ ಸಾವಿರ ಜನರ ಬಾಯಲ್ಲಿ ನಿಲ್ಲುವ ಸಾಲು ಬರೆಯುವುದು ಎಷ್ಟು ಕಷ್ಟ ಎಂದು ಬರೆದು ನೋಡಿದ ನಮಗೆ ಗೊತ್ತಿದೆ. ನಮ್ಮ ಪದ್ಯಗಳು ಇನ್ನೂ ಹಾಸ್ಟೆಲ್ ರೂಮು ದಾಟಿಲ್ಲ.

ಹಾಗಾದರೆ ಅಹಿಂಸೆ ಬೇಡವೇ, ಸತ್ಯಾಗ್ರಹ ಬೇಡವೇ, ಗಾಂಧಿ ಬೇಡವೇ ಎಂದು ಸಭೆಗಳಲ್ಲಿ ಕೇಳುತ್ತಾರೆ. ಒಂದೇ ಉಸಿರಿನಲ್ಲಿ ಬೇಕು, ಬೇಡ ಅನ್ನುವ ವಿಷಯ ಅಲ್ಲ ಇದು. 1927ರ ಡಿಸೆಂಬರಿನ ಮಹಾಡ್ ಸಮಾವೇಶದ ಪೆಂಡಾಲಿನಲ್ಲಿ ಗಾಂಧಿಯ ಚಿತ್ರ ಇಟ್ಟಿದ್ದರು. ಸತ್ಯಾಗ್ರಹ ಎಂಬ ಮಾತನ್ನು ಅಂಬೇಡ್ಕರ್ ಆ ಕಡೆಯಿಂದಲೇ ಎತ್ತಿಕೊಂಡರು, ಎತ್ತಿಕೊಂಡು ಅದರ ಮುಖವನ್ನು ಊರಿನ ಕಡೆ ತಿರುಗಿಸಿದರು. ವೈಕಂನಲ್ಲಿ ದೇವಾಲಯದ ಸುತ್ತಿನ ಬೀದಿಗಾಗಿ 1924ರಲ್ಲಿ ಹೋರಾಟ ಶುರುವಾದಾಗ ಮೊದಲ ದಿನ ಕೈ ಹಿಡಿದು ನಡೆದ ಮೂವರಲ್ಲಿ ಪುಲಯರ ಕುಂಜಪ್ಪಿ ಒಬ್ಬ. ಮರುವರ್ಷ ಗಾಂಧಿ ಅಲ್ಲಿಗೆ ಬಂದು ನಂಬೂದಿರಿಗಳ ಜೊತೆ ಮಾತಾಡಲು ಹೋದಾಗ ವೈಶ್ಯನೆಂದು ಅವರನ್ನೂ ಮನೆಯೊಳಕ್ಕೆ ಬಿಡದೆ ಹೊರಗೆ ಕೂರಿಸಿದರು. ಆ ಮಹಾತ್ಮನಿಗೇ ಆ ಗತಿ! ಆದರೂ ಊರಿನವರ ಮನಸ್ಸು ಕರಗುತ್ತದೆ ಎಂಬ ನಂಬಿಕೆಯನ್ನು ಗಾಂಧಿ ಬಿಡಲಿಲ್ಲ. ಬ್ರಿಟಿಷರಿಗೆ ಕಾನೂನುಭಂಗ, ಮೇಲ್ಜಾತಿಗೆ ಮನಪರಿವರ್ತನೆ. ಇನ್ನು ನಮಗೆ? 1932ರ ಸೆಪ್ಟೆಂಬರ್ 20ರಂದು ಯರವಡಾ ಜೈಲಿನಲ್ಲಿ ಗಾಂಧಿ ಆಮರಣಾಂತ ಉಪವಾಸ ಕೂತದ್ದು ದಲಿತರಿಗೆ ಸಿಕ್ಕ ಪ್ರತ್ಯೇಕ ಮತಕ್ಷೇತ್ರದ ವಿರುದ್ಧ. 24ರಂದು ಅಂಬೇಡ್ಕರ್ ಸಹಿ ಹಾಕಿದರು, 148 ಮೀಸಲು ಸ್ಥಾನ ಸಿಕ್ಕಿತು, ಪ್ರತ್ಯೇಕ ಮತ ಹೋಯಿತು. ಹೊಡೆಯದೆ, ಬಡಿಯದೆ, ಹಸಿವಿನಿಂದ ಒಬ್ಬ ಮನುಷ್ಯನನ್ನು ಮೂಲೆಗೆ ಒತ್ತುವುದು ಹೇಗೆಂದು ಆ ನಾಲ್ಕೈದು ದಿನ ತೋರಿಸಿದವು. ಗಾಂಧಿ ಸತ್ತಿದ್ದರೆ ಮಾರನೇ ದಿನದ ಬೆಳಿಗ್ಗೆ ದೇಶದ ಕೇರಿಗಳಿಗೆ ಏನಾಗುತ್ತಿತ್ತು ಎಂದು ಯೋಚಿಸದೆ ಆ ಸಹಿಯ ಬಗ್ಗೆ ಯಾರೂ ಬರೆಯಬಾರದು.

ಇದರ ಎದುರಿಗೆ ನಮ್ಮ ಕಡೆಯ ತೊಡಕನ್ನೂ ಇಡಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ್ದು: ಕಾನೂನಿನ ದಾರಿಗಳೇ ಇಲ್ಲದ ಕಾಲದಲ್ಲಿ ಸತ್ಯಾಗ್ರಹ, ಅಸಹಕಾರಗಳಿಗೆ ಅರ್ಥವಿತ್ತು, ಇನ್ನು ಮುಂದೆ ಅವನ್ನು ಬಿಡಬೇಕು. ರಸ್ತೆ ತಡೆ ಮಾಡಿದಾಗಲೆಲ್ಲ ಯಾರಾದರೊಬ್ಬ ಅಧಿಕಾರಿ ಈ ಮಾತನ್ನು ನಮ್ಮ ಮುಖಕ್ಕೆ ಹಿಡಿಯುತ್ತಾನೆ. ನಿಮ್ಮ ಬಾಬಾಸಾಹೇಬರೇ ಬೇಡ ಅಂದಿದ್ದಾರಲ್ರೀ! ನಮಗೂ ಬಹಳ ದಿನ ಉತ್ತರ ಹೊಳೆದಿರಲಿಲ್ಲ. ಮಹಾಡನ್ನು ಮತ್ತೆ ಓದಿದ ಮೇಲೆ ಕಾಣಿಸಿತು. ಅವರು ಬೀದಿಗೆ ಇಳಿದದ್ದೇ ಬರೆದಿಟ್ಟ ನಿರ್ಣಯ ಜಾರಿಯಾಗಲಿ ಎಂದು. ಕೋರ್ಟು ತಡೆದಾಗ ನಿಂತರು, ಹತ್ತು ವರ್ಷ ವಾದ ಮಾಡಿದರು. ಸಂವಿಧಾನದ 15ನೇ ವಿಧಿ ಬಿಚ್ಚಿ ನೋಡಿ: ಬಾವಿ, ಕೆರೆ, ಸ್ನಾನಘಟ್ಟ ಎಂದು ಹೆಸರು ಹಿಡಿದು ಬರೆದಿದೆ. ದೇಶದ ಅತಿ ದೊಡ್ಡ ಪುಸ್ತಕದೊಳಗೆ ಚೌದಾರ್ ಕೆರೆಯ ನೀರು ಹಾಗೆ ಬಂದು ಸೇರಿದೆ. ಕಾನೂನು ಮುರಿಯುವ ಸತ್ಯಾಗ್ರಹ ಬೇರೆ, ಕಾನೂನು ನಡೆಸಿರೆಂದು ಕೂರುವ ಸತ್ಯಾಗ್ರಹ ಬೇರೆ. ನಮ್ಮ ಹೋರಾಟಗಳಲ್ಲಿ ಬಹುಪಾಲು ಎರಡನೆಯ ಜಾತಿಯವು: ಬರೆದ ಕೂಲಿ ಕೊಡಿ, ಮಂಜೂರಾದ ನೆಲ ಬಿಡಿಸಿ, ನಲ್ಲಿಯಲ್ಲಿ ನೀರು ಹಿಡಿಯಲು ಬಿಡಿ. ಗೇಣಿದಾರರು 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಕೂತಾಗ ಅವರನ್ನು ಜೈಲಿಗೆ ಕಳಿಸಿದ್ದು ಸ್ವತಂತ್ರ ಸರ್ಕಾರವೇ. ಸತ್ಯಾಗ್ರಹದಿಂದ ಹುಟ್ಟಿದ ಸರ್ಕಾರಕ್ಕೆ ಸತ್ಯಾಗ್ರಹದ ಗುರುತು ಸಿಗಲು ನಾಲ್ಕು ವರ್ಷವೂ ಸಾಕಾಗಲಿಲ್ಲ. ಗುರುತು ಮರೆತುಹೋಗಿತ್ತು ಅನ್ನಬೇಕೇನೋ.

ಕಳೆದ ವರ್ಷ ಹಳ್ಳಿಯೊಂದರಲ್ಲಿ ಪಾಠ ಮಾಡುವ ಗೆಳೆಯರೊಬ್ಬರು ಶಾಲೆಯಲ್ಲಿ ಆಡಿಸಲು ಮಹಾಡಿನ ಮೇಲೆ ಅರ್ಧ ಗಂಟೆಯ ನಾಟಕ ಬರೆದುಕೊಡಿ ಎಂದು ಕೇಳಿದರು. ಬರೆದೆವು. ಇದರಲ್ಲಿ 'ಜನ' ಎಂಬ ಪಾತ್ರ ಇರಬಾರದೆಂದು ಹಟ ಹಿಡಿದು, ಇಪ್ಪತ್ತು ಮಕ್ಕಳಿಗೂ ಒಂದೊಂದು ಹೆಸರು, ಕನಿಷ್ಠ ಒಂದೊಂದು ಮಾತು ಕೊಟ್ಟೆವು. ತಾಲೀಮಿನಲ್ಲಿ ಎಡವಟ್ಟಾದದ್ದು ಎರಡು ಕಡೆ. ಗಡಿಗೆ ಸುರಿಯುವ ಪಾತ್ರಕ್ಕೆ ಯಾವ ಹುಡುಗನೂ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಆ ಪಾತ್ರ ಹಾಕಿದರು. ಇನ್ನೊಂದು, ಕೆರೆಗೆ ಇಳಿಯುವ ಸಾಲಿನಲ್ಲಿ ಮೊದಲು ನಿಂತಿದ್ದ ಹುಡುಗನದು. ಕೊಳಗದಲ್ಲಿ ನಿಜವಾದ ನೀರು ತುಂಬಿಟ್ಟಿದ್ದೆವು. ಅವನು ಬೊಗಸೆಯಲ್ಲಿ ಎತ್ತಿ ಹಿಡಿದು ನಮ್ಮ ಮುಖ ನೋಡಿದ. 'ಎಷ್ಟು ಕುಡೀಬೇಕು ಸಾರ್? ಬರೀ ತೋರ್ಸಕ್ಕಾ, ಬಾಯಾರ್ಕೆ ತೀರೋವರ್ಗಾ?' ಅಂದ. ನಾವು ಅದನ್ನು ಸ್ಕ್ರಿಪ್ಟಿನಲ್ಲಿ ಬರೆದಿರಲಿಲ್ಲ. ತೀರೋವರೆಗೆ ಕುಡಿ ಅಂದೆವು. ಅವನ ಹಿಂದಿನವರೂ ಹಾಗೇ ಕುಡಿದರು. ಅರ್ಧ ಗಂಟೆಯ ನಾಟಕ ಐವತ್ತು ನಿಮಿಷವಾಯಿತು. ಈಗ ಅದನ್ನು ತಿದ್ದಿ ಮತ್ತೆ ಬರೆದಿದ್ದೇವೆ. ಆಡಿಸಲು ಮನಸ್ಸಿರುವ ಮೇಷ್ಟ್ರುಗಳು ಪತ್ರಿಕೆಗೆ ಒಂದು ಕಾರ್ಡು ಬರೆದರೆ ಪ್ರತಿ ಕಳಿಸುತ್ತೇವೆ. ನೀರಿನ ಕೊಳಗ ದೊಡ್ಡದೇ ಇರಲಿ.